ಲಾರಿ ರೇಡಿಯೇಟರ್‌ಗೆ ಆಯಿಲ್ ಇಳಿದಾಗ ಯಾವ ಫ್ಲಷ್ ಒಳ್ಳೇದು? ಹಾಸನದಲ್ಲಿ ಚಾಲ್ತಿಯಲ್ಲಿರುವ ಮದ್ದುಗಳ ವಿಮರ್ಶೆ

ಹಾಸನದ ಲಾರಿ ಗ್ಯಾರೇಜುಗಳಲ್ಲಿ "ರೇಡಿಯೇಟರ್‌ಗೆ ಇಂಜಿನ್ ಆಯಿಲ್ ಬಂದಿದೆ" ಅಂದರೆ ಒಬ್ಬೊಬ್ಬರು ಒಂದೊಂದು ಮದ್ದು ಹೇಳ್ತಾರೆ. ಸ್ಪೇರ್ಸ್ ಅಂಗಡಿಯವರು ಫ್ಲಷ್ ಕ್ಯಾನ್, ಅಂದರೆ ರೇಡಿಯೇಟರ್ ಒಳಗೆ ತೊಳೆಯುವ ದ್ರವದ ಡಬ್ಬಿ ತೋರಿಸ್ತಾರೆ. ಹಳೇ ಮೆಕ್ಯಾನಿಕ್‌ಗಳು ಸೋಡಾ ಅಂತಾರೆ. ಡ್ರೈವರ್‌ಗಳಲ್ಲಿ ಕೆಲವರು ಪಾತ್ರೆ ತೊಳೆಯೋ ಲಿಕ್ವಿಡ್ ಸುರಿದುಬಿಡ್ತಾರೆ, ಇನ್ನು ಕೆಲವರು ಡೀಸೆಲ್ಲನ್ನೇ ತುಂಬಿ ಹತ್ತು ನಿಮಿಷ ಓಡಿಸ್ತಾರೆ. ತೀರ್ಪು ಮೊದಲೇ ಹೇಳಿಬಿಡೋಣ. ಆಯಿಲ್ ಜಾಸ್ತಿ ಇಳಿದ ಗಾಡಿಗೆ ಡಿಶ್‌ವಾಷರ್ ಮೆಷಿನ್‌ಗೆ ಹಾಕುವ ಪುಡಿ, ಇಲ್ಲವೇ ದೊಡ್ಡ ಇಂಜಿನ್‌ಗೆಂದೇ ಬರುವ ಆಲ್ಕಲೈನ್ (ಕ್ಷಾರದ) ಕ್ಲೀನರ್, ಈ ಎರಡೇ ನಂಬಬಹುದಾದವು. ಕಾರಿನ ಫ್ಲಷ್ ಕ್ಯಾನ್ ಮತ್ತು ವಾಷಿಂಗ್ ಸೋಡಾ ಅರ್ಧ ಕೆಲಸ ಮಾಡುತ್ತವೆ. ಲಿಕ್ವಿಡ್ ಸೋಪು, ಕಾಸ್ಟಿಕ್, ಡೀಸೆಲ್ ಗಾಡಿಗೆ ಹೊಸ ಕಾಯಿಲೆ ತರುತ್ತವೆ. ಆದರೆ ಯಾವುದನ್ನೇ ಹಾಕಿದರೂ ನೀರು 80 ಡಿಗ್ರಿ ದಾಟದಿದ್ದರೆ ದುಡ್ಡು ದಂಡ. ಈ ಮಾತನ್ನು ಡಬ್ಬಿಯ ಮೇಲಿನ ಲೇಬಲ್ ಸಣ್ಣಕ್ಷರದಲ್ಲಿ ಹೇಳುತ್ತೆ, ಅಂಗಡಿಯವರು ಹೇಳೋದೇ ಇಲ್ಲ.

ತೊಳೆಯೋ ಮೊದಲು ಆಯಿಲ್ ಎಲ್ಲಿಂದ ಬಂತು ಅಂತ ಗೊತ್ತಾಗಬೇಕು. ಸೋರೋ ಜಾಗ ಮುಚ್ಚದೆ ಫ್ಲಷ್ ಮಾಡಿಸಿದ ಗಾಡಿ ಸಕಲೇಶಪುರ ಮುಟ್ಟೋಷ್ಟರಲ್ಲಿ ಮತ್ತೆ ಅದೇ ಸ್ಥಿತಿಗೆ ಬರುತ್ತೆ. ಲಾರಿಗಳಲ್ಲಿ ಹೆಚ್ಚಿನ ಸಲ ಕೈಕೊಡೋದು ಆಯಿಲ್ ಕೂಲರ್, ಅಂದರೆ ಇಂಜಿನ್ ಆಯಿಲನ್ನು ರೇಡಿಯೇಟರ್ ನೀರಿನಿಂದ ತಣ್ಣಗೆ ಮಾಡುವ ಭಾಗ. ಇಂಜಿನ್ ಓಡುವಾಗ ಆಯಿಲ್ ಪ್ರೆಷರ್ 3ರಿಂದ 5 ಬಾರ್ ಇದ್ದರೆ, ನೀರಿನ ಕಡೆ ಕ್ಯಾಪ್ ತಡೆಯುವುದು ಸುಮಾರು 1 ಬಾರ್ ಮಾತ್ರ. ಅದಕ್ಕೇ ಕೂಲರ್ ಪ್ಲೇಟು ಸೀಳಿದರೆ ಆಯಿಲ್ ನೀರಿನೊಳಗೆ ನುಗ್ಗುತ್ತೆ. ಇಂಜಿನ್ ನಿಲ್ಲಿಸಿದ ಮೇಲೆ ಲೆಕ್ಕ ತಿರುಗುಮುರುಗು: ಆಯಿಲ್ ಪ್ರೆಷರ್ ಸೊನ್ನೆ, ಬಿಸಿ ನೀರಿನ ಪ್ರೆಷರ್ ಇನ್ನೂ ಹಾಗೇ ಇರುತ್ತೆ. ಆಗ ನೀರು ಆಯಿಲ್ ಕಡೆ ಹೋಗಬಹುದು. ಹಾಗಾಗಿ ರೇಡಿಯೇಟರ್ ಒಂದನ್ನೇ ನೋಡಿ ಸುಮ್ಮನಾಗಬೇಡಿ, ಡಿಪ್‌ಸ್ಟಿಕ್ ಎಳೆದು ನೋಡಿ, ಸಂಪ್ (ಇಂಜಿನ್ ತಳದ ಆಯಿಲ್ ತೊಟ್ಟಿ) ಬೋಲ್ಟ್ ಸಡಿಲಿಸಿ ಮೊದಲು ನೀರು ಬರುತ್ತಾ ನೋಡಿ. ಕೂಲರ್ ಬದಲಿಸಿದ ಮೇಲೆ ಇಂಜಿನ್ ಆಯಿಲ್ ಮತ್ತು ಫಿಲ್ಟರ್ ಕೂಡ ಬದಲಿಸಲೇಬೇಕು.

ಕೂಲರ್ ಬಿಚ್ಚಿದರೆ ಕಣ್ಣಲ್ಲಿ ನೋಡಿ "ಚೆನ್ನಾಗಿದೆ" ಅಂತ ವಾಪಸ್ ಕೂರಿಸೋದು ಕೆಲಸಗೇಡಿತನ. ಬಾಯಿ ಬ್ಲಾಕ್ ಮಾಡಿ, 4-5 ಬಾರ್ ಗಾಳಿ ಕೊಟ್ಟು, ಬಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗುಳ್ಳೆ ನೋಡಬೇಕು. ತಣ್ಣೀರಲ್ಲಿ ಪಾಸಾದ ಕೂಲರ್ ಬಿಸಿ ನೀರಲ್ಲಿ ಗುಳ್ಳೆ ಬಿಡೋದುಂಟು, ಯಾಕಂದರೆ ಕೂದಲೆಳೆಯಂಥ ಬಿರುಕು ಕಾವಿಗೆ ಬಾಯಿ ತೆರೆಯುತ್ತೆ.

ಕೂಲರ್ ಸರಿಯಿದ್ದರೆ ಮುಂದಿನ ಅನುಮಾನ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕಿಗೂ ಅದರ ಮೇಲಿನ ಹೆಡ್ಡಿಗೂ ನಡುವಿನ ಪದರ) ಮೇಲೆ, ಆಮೇಲೆ ಹೆಡ್ ಅಥವಾ ಬ್ಲಾಕಿನ ಬಿರುಕಿನ ಮೇಲೆ. ಲಾರಿಗೆ ಮಾತ್ರ ಇರುವ ಇನ್ನೊಂದು ಜಾಗವನ್ನು ಬಹಳ ಮಂದಿ ಮರೀತಾರೆ: ಬ್ರೇಕಿನ ಏರ್ ಕಂಪ್ರೆಸರ್. ಅದರ ಹೆಡ್ಡಿಗೂ ಇಂಜಿನ್ ನೀರೇ ಓಡಾಡುವ ಗಾಡಿಗಳಲ್ಲಿ ಗ್ಯಾಸ್ಕೆಟ್ ಹೋದರೆ ಗಾಳಿ ಮತ್ತು ಆಯಿಲ್ ಎರಡೂ ನೀರಿಗೆ ಬರುತ್ತವೆ. ಪತ್ತೆ ಸುಲಭ. ಗಾಳಿ ತುಂಬಿಕೊಳ್ಳುವಾಗ ಎಕ್ಸ್‌ಪ್ಯಾನ್ಷನ್ ಟ್ಯಾಂಕಿನಲ್ಲಿ (ಬಿಸಿಗೆ ಹಿಗ್ಗಿದ ಕೂಲಂಟ್ ಸೇರುವ ಡಬ್ಬ) ಗುಳ್ಳೆ ಏಳುತ್ತೆ, ಪ್ರೆಷರ್ ತುಂಬಿ "ಚುಸ್" ಅಂತ ಕಟ್ ಆದ ತಕ್ಷಣ ನಿಲ್ಲುತ್ತೆ. ಹೆಡ್ ಗ್ಯಾಸ್ಕೆಟ್ ಗುಳ್ಳೆ ಹಾಗಲ್ಲ, ಇಂಜಿನ್ ಓಡುವಷ್ಟು ಹೊತ್ತೂ ಬರುತ್ತಲೇ ಇರುತ್ತೆ. ಟ್ಯಾಂಕ್ ತೆರೆದಾಗ ಡೀಸೆಲ್ ವಾಸನೆ ಹೊಡೆದರೆ ಅದು ಇಂಜಿನ್ ಆಯಿಲ್ ಅಲ್ಲ. ಡೀಸೆಲ್ ಚಿಮ್ಮಿಸುವ ಇಂಜೆಕ್ಟರಿನ ಸುತ್ತ ನೀರು ತಡೆಯುವ ಸ್ಲೀವ್ ಇರುವ ಇಂಜಿನ್ ಆಗಿದ್ದರೆ ಅದನ್ನೇ ಮೊದಲು ನೋಡಿಸಿ.

ಈಗ ಮದ್ದುಗಳು.

ಡಿಶ್‌ವಾಷರ್ ಪುಡಿ. ಹಾಸನದ ಸೂಪರ್ ಮಾರ್ಕೆಟ್‌ಗಳಲ್ಲಿ ಫಿನಿಷ್ ಥರದ ಹೆಸರಿನಲ್ಲಿ ಕಿಲೋ ಪ್ಯಾಕ್ ಸಿಗುತ್ತೆ, ಸಿಗದಿದ್ದರೆ ಆನ್‌ಲೈನಲ್ಲಿ ತರಿಸಿ. ಇದರ ಹೆಚ್ಚುಗಾರಿಕೆ ಒಂದೇ: ಜಿಡ್ಡನ್ನು ಎಬ್ಬಿಸುತ್ತೆ, ಆದರೆ ನೊರೆ ಬರಿಸಲ್ಲ. ಮೆಷಿನ್ ಒಳಗೆ ರಭಸದಲ್ಲಿ ನೀರು ಚಿಮ್ಮುವಾಗ ನೊರೆ ಬರಬಾರದು ಅಂತಲೇ ಮಾಡಿದ ಪುಡಿ ಅದು. ಇಂಜಿನ್ನಿನ ವಾಟರ್ ಪಂಪಿನ ಒಳಗೂ ಆಗೋದು ಅದೇ. ಅಳತೆ, ನೀರಿನ ತೂಕಕ್ಕೆ ಶೇಕಡಾ 2ರಿಂದ 3. ಆರು ಸಿಲಿಂಡರ್ ಲಾರಿಗೆ ಸಾಮಾನ್ಯವಾಗಿ 20ರಿಂದ 30 ಲೀಟರ್ ಹಿಡಿಯುತ್ತೆ. 25 ಲೀಟರ್ ಅಂತಿಟ್ಟುಕೊಂಡರೆ ಒಂದು ಸಲಕ್ಕೆ 500ರಿಂದ 750 ಗ್ರಾಂ ಸಾಕು. ಪುಡಿಯನ್ನು ನೇರವಾಗಿ ರೇಡಿಯೇಟರ್ ಬಾಯಿಗೆ ಸುರಿಯಬಾರದು. ಬಕೆಟ್ಟಿನಲ್ಲಿ ಬಿಸಿ ನೀರಿಗೆ ಹಾಕಿ ಪೂರ್ತಿ ಕರಗಿಸಿ, ಬಟ್ಟೆಯಲ್ಲಿ ಸೋಸಿ ಹಾಕಿ. ಕರಗದ ಪುಡಿ ಹೀಟರ್ ಇರುವ ಕ್ಯಾಬಿನ್‌ಗಳಲ್ಲಿ ಹೀಟರ್ ಕೋರಿನ ಸಣ್ಣ ಕೊಳವೆಗಳಲ್ಲಿ ಗಟ್ಟಿಯಾಗಿ ಕೂತುಬಿಡುತ್ತೆ. ಟ್ಯಾಬ್ಲೆಟ್ ರೂಪದಲ್ಲಿ ಬರುವುದು ಬೇಡ. ಕರಗಿಸೋದು ಕಷ್ಟ, ಹೊಳಪಿಗೆಂದು ಸೇರಿಸಿದ ಬೇರೆ ಸಾಮಾನೂ ಅದರಲ್ಲಿರುತ್ತೆ.

ಇದರ ಕೆಟ್ಟ ಗುಣ ಏನಂದರೆ ಇದು ಕ್ಷಾರ. ಅಲ್ಯೂಮಿನಿಯಂ ರೇಡಿಯೇಟರಿನಲ್ಲಿ ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ನೋಡೋಣ ಅನ್ನೋ ಹಾಗಿಲ್ಲ. ಬಿಸಿ ಇರುವಾಗಲೇ ಇಳಿಸಿಬಿಡಬೇಕು.

ಫ್ಲೀಟ್‌ಗಾರ್ಡ್ ರಿಸ್ಟೋರ್. ದೊಡ್ಡ ಡೀಸೆಲ್ ಇಂಜಿನ್‌ಗೆಂದೇ ಇರುವ ಆಲ್ಕಲೈನ್ ಕ್ಲೀನರ್. ಅಳತೆ, 38ರಿಂದ 57 ಲೀಟರ್ ನೀರಿಗೆ 3.8 ಲೀಟರ್, ಅಂದರೆ 25 ಲೀಟರ್ ಗಾಡಿಗೆ ಸುಮಾರು ಎರಡು, ಎರಡೂವರೆ ಲೀಟರ್. ನೀರು 85 ಡಿಗ್ರಿ ಮುಟ್ಟಿದ ಮೇಲೆ ಒಂದರಿಂದ ಒಂದೂವರೆ ಗಂಟೆ ಓಡಿಸಬೇಕು. ಪುಡಿಗಿಂತ ಅಚ್ಚುಕಟ್ಟು, ಕರಗಿಸುವ ತಾಪತ್ರಯ ಇಲ್ಲ. ತರಿಸುವಾಗ ಒಂದು ಎಚ್ಚರ: ರಿಸ್ಟೋರ್ ಪ್ಲಸ್ ಅಂತ ಇನ್ನೊಂದಿದೆ, ಅದು ತುಕ್ಕು ಮತ್ತು ಗಾರು (ನೀರಿನಿಂದ ಕಟ್ಟಿದ ಗಟ್ಟಿ ಪದರ) ತೆಗೆಯುವ ಆಸಿಡ್ ಜಾತಿಯದು. ಆಯಿಲ್ ಬಂದ ಗಾಡಿಗೆ ಪ್ಲಸ್ ಹಾಕಿದರೆ ಜಿಡ್ಡಿನ ಕೆಳಗಿರುವ ಗಾರನ್ನು ಅದು ಮುಟ್ಟೋದೇ ಇಲ್ಲ. ಎರಡೂ ಬೇಕಾದ ಹಳೇ ಗಾಡಿ ಆಗಿದ್ದರೆ ಮೊದಲು ಜಿಡ್ಡು, ಆಮೇಲೆ ತುಕ್ಕು. ನಡುವೆ ಚೆನ್ನಾಗಿ ನೀರು ಹಾಯಿಸಿ.

ಕಾರಿಗೆಂದು ಬರುವ ಫ್ಲಷ್ ಕ್ಯಾನ್‌ಗಳು 250, 300 ಮಿಲಿ ಇರುತ್ತವೆ. ಲೇಬಲ್ ಓದಿದರೆ ಒಂದು ಕ್ಯಾನ್ ಹತ್ತು ಲೀಟರ್ ನೀರಿಗೆ, ಹೆಚ್ಚೆಂದರೆ ಅರ್ಧ ಗಂಟೆ ಅಂತಿರುತ್ತೆ. ಲಾರಿಗೆ ಒಂದು ಸುತ್ತಿಗೇ ಮೂರು ಕ್ಯಾನ್ ಆಯ್ತು, ಮೂರು ಸುತ್ತಿಗೆ ಒಂಬತ್ತು. ಅಷ್ಟಾದರೂ ಇವು ಹಗುರ ಜಿಡ್ಡಿಗೆ ಮಾಡಿದವು. ನೀರಿನ ಮೇಲೆ ತೆಳು ಪೊರೆ ಮಾತ್ರ ಕಂಡರೆ, ಅಥವಾ ಪುಡಿಯಲ್ಲಿ ತೊಳೆದ ಮೇಲೆ ಕೊನೇ ಸುತ್ತಿಗೆ ಬೇಕಾದರೆ ಸರಿ. ಟ್ಯಾಂಕಿನ ತುಂಬ ಹಾಲು ಹೆಚ್ಚಾದ ಕಾಫಿ ಬಣ್ಣದ ಮುದ್ದೆ ಕೂತಿದ್ದರೆ ಇದರ ಮೇಲೆ ದುಡ್ಡು ಸುರಿಯೋದು ಬೇಡ.

ವಾಷಿಂಗ್ ಸೋಡಾ ಅಗ್ಗ, ನೊರೆ ಇಲ್ಲ, ಕಿರಾಣಿ ಅಂಗಡಿಯಲ್ಲೂ ಸಿಗುತ್ತೆ. ತಾಮ್ರ-ಹಿತ್ತಾಳೆಯ ಹಳೇ ರೇಡಿಯೇಟರ್ ಕಾಲದಿಂದ ಬಂದ ಅಭ್ಯಾಸ ಇದು. ಅಡುಗೆ ಎಣ್ಣೆಯ ಜಿಡ್ಡಿಗೆ ಸೋಡಾ ಹಾಕಿದರೆ ಅದು ಸೋಪಾಗಿ ನೀರಲ್ಲಿ ಹೋಗುತ್ತೆ. ಇಂಜಿನ್ ಆಯಿಲ್ ಖನಿಜ ತೈಲ, ಸೋಡಾ ಆಗಲಿ ಕಾಸ್ಟಿಕ್ ಆಗಲಿ ಅದನ್ನು ಸೋಪು ಮಾಡಲಾರದು. ಅದನ್ನು ಒಡೆದು ನೀರಲ್ಲಿ ತೇಲಿಸೋಕೆ ಡಿಟರ್ಜೆಂಟ್ ಅಂಶ ಬೇಕೇ ಬೇಕು. ಸೋಡಾ ಅದಕ್ಕೆ ಜೊತೆಗಾರ ಅಷ್ಟೇ. ಕಾಸ್ಟಿಕ್ ಅಂತೂ ಹತ್ತಿರಕ್ಕೂ ತರಬೇಡಿ. ಅಲ್ಯೂಮಿನಿಯಂ ಕೋರ್, ಪಂಪ್ ಬಾಡಿ, ಥರ್ಮೋಸ್ಟಾಟ್ ಹೌಸಿಂಗ್ ಎಲ್ಲವನ್ನೂ ತಿನ್ನುತ್ತೆ, ತಿನ್ನುವಾಗ ಬರೋದು ಹೈಡ್ರೋಜನ್ ಅನಿಲ. ಪಕ್ಕದಲ್ಲಿ ವೆಲ್ಡಿಂಗ್ ನಡೆಯೋ ಗ್ಯಾರೇಜಿನಲ್ಲಿ ಅದರ ಅಪಾಯ ಬಿಡಿಸಿ ಹೇಳಬೇಕಿಲ್ಲ.

ಪಾತ್ರೆ ತೊಳೆಯೋ ಲಿಕ್ವಿಡ್ ಆಯಿಲ್ ಎಬ್ಬಿಸುತ್ತೆ ನಿಜ. ಆದರೆ ಪಂಪ್ ತಿರುಗಿದ ಕೂಡಲೇ ನೊರೆ ಎದ್ದು ಟ್ಯಾಂಕಿನ ಬಾಯಲ್ಲಿ ಉಕ್ಕುತ್ತೆ. ನೊರೆ ಅಂದರೆ ಗಾಳಿ. ಹೆಡ್ಡಿನ ಸುತ್ತ ನೀರು ಇರಬೇಕಾದ ಕಡೆ ಗಾಳಿ ಕೂತರೆ ಅಲ್ಲಿ ಬಿಸಿ ಏರುತ್ತೆ, ಮೀಟರಿನ ಸೆನ್ಸರ್ ಗಾಳಿಯಲ್ಲಿದ್ದರೆ ಮುಳ್ಳು ಮೇಲೇರೋದೇ ಇಲ್ಲ. ಎಷ್ಟು ನೀರು ಬಿಟ್ಟರೂ ಆ ನೊರೆ ಮುಗಿಯಲ್ಲ. ಡೀಸೆಲ್, ಸೀಮೆಎಣ್ಣೆ ವಿಚಾರ ಎರಡೇ ಮಾತು: ಹೋಸ್ ಪೈಪಿನ ಇಪಿಡಿಎಂ ರಬ್ಬರ್ ಅದರಲ್ಲಿ ಊದಿ ಮೆತ್ತಗಾಗುತ್ತೆ, ಬಿಸಿ ಇಂಜಿನ್ ಮೇಲೆ ಸೋರಿದರೆ ಬೆಂಕಿ.

ಪುಡಿ ತಂದಿದ್ದೀರಿ ಅಂತಿಟ್ಟುಕೊಳ್ಳಿ. ಪುಡಿ ಹಾಕೋ ಮೊದಲೇ ಅರ್ಧಕ್ಕಿಂತ ಹೆಚ್ಚು ಆಯಿಲ್ಲನ್ನು ಬರೀ ನೀರಲ್ಲೇ ಹೊರಗೆ ತೆಗೆಯಬಹುದು. ಆಯಿಲ್ ಮೇಲೆ ತೇಲುತ್ತೆ. ಕೆಳಗಿನ ಡ್ರೈನ್ ಕಾಕ್ ಬಿಟ್ಟರೆ ನೀರು ಮೊದಲು ಹೋಗಿ, ಆಯಿಲ್ ಇಳಿಯುತ್ತಾ ಇಳಿಯುತ್ತಾ ಕೋರಿನ ಪ್ರತಿ ಕೊಳವೆಗೂ ಬಳಿದುಕೊಂಡು ಬರುತ್ತೆ. ಅದಕ್ಕೇ ತಣ್ಣಗಿರುವಾಗ ಮೊದಲು ಟ್ಯಾಂಕ್ ಮತ್ತು ರೇಡಿಯೇಟರ್ ಬಾಯಿಂದ ಸಿಕ್ಕಷ್ಟು ಮುದ್ದೆ ಬಾಚಿ ತೆಗೆಯಿರಿ. ಆಮೇಲೆ ಕೆಳಗಿನ ಹೋಸ್ ಕಡೆಯಿಂದ ತೋಟದ ಪೈಪಿನಲ್ಲಿ ನಿಧಾನವಾಗಿ ನೀರು ಒಳಗೆ ಬಿಟ್ಟು, ಆಯಿಲ್ ಮೇಲಿನ ಬಾಯಲ್ಲಿ ಹೊರಚೆಲ್ಲುವಂತೆ ಮಾಡಿ. ಬಾಯಲ್ಲಿ ತಿಳಿನೀರು ಬರೋ ತನಕ ಬಿಡಿ. ವಾಟರ್ ಸರ್ವೀಸ್ ಪಂಪಿನ ಜೆಟ್ ಮಾತ್ರ ಇಲ್ಲಿ ಬೇಡ. ಪ್ಲಾಸ್ಟಿಕ್ ಟ್ಯಾಂಕಿನ ರೇಡಿಯೇಟರ್ ಆಗಿದ್ದರೆ ಟ್ಯಾಂಕನ್ನು ಕೋರಿಗೆ ಕಚ್ಚಿಸಿದ ಕ್ರಿಂಪ್ ಜಾಗದಲ್ಲಿ ಬಿಟ್ಟುಕೊಳ್ಳುತ್ತೆ. ಕೊನೆಗೆ ಕೆಳಗಿನ ಹೋಸ್ ಪೂರ್ತಿ ಬಿಚ್ಚಿ, ಬ್ಲಾಕಿನ ಡ್ರೈನ್ ಪ್ಲಗ್ಗನ್ನೂ ತೆಗೆದು ಇಳಿಸಿ. ಕಾಕಿನ ಸಣ್ಣ ತೂತಲ್ಲಿ ಮುದ್ದೆ ಬರೋದಿಲ್ಲ.

ಇನ್ನು ಬಿಸಿಯ ಲೆಕ್ಕ. ಡೀಸೆಲ್ ಇಂಜಿನ್ ಸುಮ್ಮನೆ ಐಡಲ್‌ನಲ್ಲಿ ನಿಂತರೆ ಬಿಸಿಯಾಗೋದಿಲ್ಲ. ಮಳೆಗಾಲದಲ್ಲಿ ಹಾಸನ, ಚಿಕ್ಕಮಗಳೂರಿನ ಚಳಿಗಂತೂ ಗಂಟೆಗಟ್ಟಲೆ ಓಡಿಸಿದರೂ ಮುಳ್ಳು ಕಾಲು ಭಾಗದಲ್ಲೇ ಇರುತ್ತೆ. ಆ ನೀರಲ್ಲಿ ಯಾವ ಪುಡಿಯೂ ಆಯಿಲ್ ಎಬ್ಬಿಸಲ್ಲ. ಥರ್ಮೋಸ್ಟಾಟ್ ತೆಗೆದು ಫ್ಲಷ್ ಮಾಡೋ ರೂಢಿಯಿಂದ ಇದು ಇನ್ನೂ ಕೆಡುತ್ತೆ. ಬಿಸಿ ತೊಳೆತಕ್ಕೆ ಹಳೇ ಥರ್ಮೋಸ್ಟಾಟ್ ಒಳಗೇ ಇರಲಿ. ತಣ್ಣೀರು ಹಾಯಿಸುವಾಗ ಬೇಕಾದರೆ ತೆಗೆಯಿರಿ. ರೇಡಿಯೇಟರ್ ಮುಂದೆ, ಗ್ರಿಲ್ ಕಡೆಯಿಂದ, ರಟ್ಟು ಅಥವಾ ಮಡಚಿದ ಗೋಣಿಚೀಲ ಕೊಡಿ. ಫ್ಯಾನೇ ಅದನ್ನು ಎಳೆದು ಹಿಡಿದುಕೊಳ್ಳುತ್ತೆ. ಫ್ಯಾನ್ ಕಡೆಗೆ ಏನನ್ನೂ ಸಿಕ್ಕಿಸಬೇಡಿ. ಹ್ಯಾಂಡ್ ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಟ್ಟು, 1200ರಿಂದ 1500 ಆರ್‌ಪಿಎಂನಲ್ಲಿ ಹಿಡಿದು 85 ಡಿಗ್ರಿಗೆ ತನ್ನಿ. ಅಲ್ಲಿಂದ ಮುಕ್ಕಾಲು ಗಂಟೆ, ಒಂದು ಗಂಟೆ. ಹೀಟರ್ ಇದ್ದರೆ ಅದರ ವಾಲ್ ಪೂರ್ತಿ ತೆರೆದಿರಲಿ, ಇಲ್ಲದಿದ್ದರೆ ಆ ಕೋರಿನಲ್ಲಿ ಉಳಿದ ಆಯಿಲ್ ಹೊಸ ಕೂಲಂಟಿಗೆ ಬರುತ್ತೆ.

ಮುಳ್ಳಿನ ಮೇಲೆ ಒಬ್ಬರ ಕಣ್ಣು ಇರಲೇಬೇಕು. ಹಾಸನ ಸಮುದ್ರ ಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ, ಕ್ಯಾಪ್ ಬಿಗಿ ಇಲ್ಲದಿದ್ದರೆ ಇಲ್ಲಿ ನೀರು 97 ಡಿಗ್ರಿ ಹತ್ತಿರವೇ ಕುದಿಯುತ್ತೆ. ಚಿಕ್ಕಮಗಳೂರಿನಲ್ಲಿ ಇನ್ನೂ ಸ್ವಲ್ಪ ಮೊದಲು. 90 ಮುಟ್ಟಿದರೆ ಗೋಣಿಯನ್ನು ಅರ್ಧ ಸರಿಸಿ. ಕೆಲವರು ನಿಂತಲ್ಲಿ ಬಿಸಿ ಮಾಡೋ ಬದಲು ಚನ್ನರಾಯಪಟ್ಟಣದ ಕಡೆ ಒಂದು ಸುತ್ತು ಹೊಡೆಸ್ತಾರೆ. ಸಮತಟ್ಟು ರಸ್ತೆ, ಖಾಲಿ ಗಾಡಿ ಆದರೆ ತಪ್ಪೇನಿಲ್ಲ, ಬಿಸಿ ಚೆನ್ನಾಗೇ ಬರುತ್ತೆ. ಪುಡಿ ನೀರು ತುಂಬಿಕೊಂಡು ಶಿರಾಡಿಗೋ ಚಾರ್ಮಾಡಿಗೋ ಲೋಡು ಗಾಡಿ ಇಳಿಸೋದು ಮಾತ್ರ ಹುಚ್ಚು ಧೈರ್ಯ.

ಇಳಿಸುವಾಗ ಬಿಸಿಯಾಗಿರುವಾಗಲೇ ಇಳಿಸಿ. ಕ್ಯಾಪ್ ತಕ್ಷಣ ತೆರೆಯಬೇಡಿ, ಪ್ರೆಷರ್ ಪೂರ್ತಿ ಇಳಿಯೋ ತನಕ ಕಾದು, ಕೈಗವಸು ಹಾಕಿ ನಿಧಾನಕ್ಕೆ ತೆರೆಯಿರಿ. ತಣ್ಣಗಾಗಲು ಬಿಟ್ಟರೆ ಎದ್ದ ಆಯಿಲ್ ಮತ್ತೆ ಗೋಡೆಗೆ ಕೂರುತ್ತೆ. ಒಂದು ಸುತ್ತಿಗೆ ಯಾವ ಗಾಡಿಯೂ ಶುದ್ಧ ಆಗಲ್ಲ. ಎರಡರಿಂದ ನಾಲ್ಕು ಸುತ್ತು ಸಾಮಾನ್ಯ. ಸಾಕೋ ಬೇಕೋ ಅನ್ನೋದನ್ನು ಬಣ್ಣ ನೋಡಿ ಹೇಳಬಾರದು. ಇಳಿದ ನೀರನ್ನು ಖಾಲಿ ನೀರಿನ ಬಾಟಲಿಯಲ್ಲಿ ಹಿಡಿದು ಒಂದು ಗಂಟೆ ಅಲುಗಾಡಿಸದೆ ಇಡಿ, ಮೇಲೆ ಕಟ್ಟೋ ಪದರ ನೋಡಿ. ಬಿಳಿ ಬಟ್ಟೆ ಬೆರಳಿಗೆ ಸುತ್ತಿ ಮೇಲಿನ ಹೋಸಿನ ಒಳಗೆ ಒರೆಸಿ. ಬಟ್ಟೆ ಕಪ್ಪಾದರೆ ಇನ್ನೊಂದು ಸುತ್ತು. ಆಮೇಲೆ ಬರೀ ನೀರು ತುಂಬಿ, ಬಿಸಿ ಮಾಡಿ, ಐದು ನಿಮಿಷ ಓಡಿಸಿ ಇಳಿಸೋದನ್ನು ಎರಡು ಮೂರು ಸಲ ಮಾಡಿ. ಇಳಿದ ನೀರು ಬೆರಳಲ್ಲಿ ಜಾರಬಾರದು. ಲಿಟ್ಮಸ್ ಪಟ್ಟಿ ಇದ್ದರೆ ಕೆಂಪು ಪಟ್ಟಿ ನೀಲಿಗೆ ತಿರುಗಬಾರದು. ಕ್ಷಾರ ಉಳಿದರೆ ಹೊಸ ಕೂಲಂಟಿನ ತುಕ್ಕು ತಡೆಯುವ ಅಂಶವೇ ಕೆಡುತ್ತೆ.

ಎಕ್ಸ್‌ಪ್ಯಾನ್ಷನ್ ಟ್ಯಾಂಕನ್ನು ಬಿಚ್ಚಿ ಬೇರೆ ತೊಳೆಯಿರಿ. ಒಳಗಿನ ಗೋಡೆಗಳ ಹಿಂದೆ ಮುದ್ದೆ ಕೂತಿದ್ದರೆ ಹೊಸದೇ ಹಾಕೋದು ವಾಸಿ. ಬಿಎಸ್6 ಗಾಡಿಗಳಲ್ಲಿ ಟ್ಯಾಂಕಿನ ಲೆವೆಲ್ ಸೆನ್ಸರ್ ಮೇಲೆ ಜಿಡ್ಡು ಹತ್ತಿ ಸುಳ್ಳು ವಾರ್ನಿಂಗ್ ಬರೋದುಂಟು, ಅದನ್ನೂ ಒರೆಸಿಡಿ. ಹೋಸ್ ಪೈಪುಗಳ ವಿಷಯದಲ್ಲಿ ಓನರ್‌ಗಳು ಚೌಕಾಸಿ ಮಾಡೋದು ಜಾಸ್ತಿ, ಕೆಡೋದೂ ಅಲ್ಲೇ. ಆಯಿಲ್ ಕುಡಿದ ರಬ್ಬರ್ ಹೊರಗೆ ಚೆನ್ನಾಗೇ ಕಾಣುತ್ತೆ. ಕ್ಲಿಪ್ ಪಕ್ಕದಲ್ಲಿ ಹೆಬ್ಬೆರಳಿಂದ ಒತ್ತಿ ನೋಡಿ: ಮೆತ್ತಗೆ ಒಳಗೆ ಹೋಗಿ ನಿಧಾನಕ್ಕೆ ವಾಪಸ್ ಬಂದರೆ, ಅಥವಾ ಕ್ಲಿಪ್ಪಿನ ಅಂಚಲ್ಲಿ ರಬ್ಬರ್ ಉಬ್ಬಿದ್ದರೆ ಅದು ಮುಗೀತು. ಶಿರಾಡಿ ಘಾಟಿಯ ಮಾರನಹಳ್ಳಿ ಏರಿನಲ್ಲಿ ಲೋಡು ಗಾಡಿ ಎರಡನೇ ಗೇರಿನಲ್ಲಿ ಹತ್ತುವಾಗ ಒಡೆಯೋದು ಇಂಥವೇ. ಮೇಲಿನದು, ಕೆಳಗಿನದು, ಬೈಪಾಸ್, ಹೀಟರ್ ಹೋಸ್, ಜೊತೆಗೆ ಥರ್ಮೋಸ್ಟಾಟ್, ಕ್ಯಾಪ್ ಒಟ್ಟಿಗೆ ಬದಲಿಸಿ. ವಾಟರ್ ಪಂಪ್ ಬದಲಿಸಬೇಕಿಲ್ಲ, ಪಂಪಿನ ಕೆಳಗಿನ ಸಣ್ಣ ತೂತಲ್ಲಿ ನೀರು ತೊಟ್ಟಿಕ್ಕುತ್ತಾ ಅಂತ ಗಮನ ಇಟ್ಟರೆ ಸಾಕು.

ಕೂಲಂಟ್ ತುಂಬಿಸುವಾಗ ಆಗುವ ತಪ್ಪು ಬರೀ ಲೆಕ್ಕದ್ದು. ಎಷ್ಟು ಇಳಿಸಿದರೂ ಬ್ಲಾಕಿನಲ್ಲಿ ನಾಲ್ಕೈದು ಲೀಟರ್ ನೀರು ಉಳಿದಿರುತ್ತೆ. 26 ಲೀಟರ್ ಗಾಡಿಯಿಂದ 21 ಲೀಟರ್ ಇಳಿಯಿತು ಅನ್ನಿ, ಒಳಗೆ 5 ಲೀಟರ್ ಇದೆ. ಅದಕ್ಕೆ ಅರ್ಧಕ್ಕರ್ಧ ಬೆರೆಸಿದ ರೆಡಿ ಕೂಲಂಟ್ 21 ಲೀಟರ್ ಹಾಕಿದರೆ ಒಳಗೆ ಆಗೋದು ಶೇಕಡಾ 40 ಮಾತ್ರ. ಅದರ ಬದಲು ಕಾನ್ಸಂಟ್ರೇಟ್ ತಂದು 13 ಲೀಟರ್ ಮೊದಲು ಹಾಕಿ, ಮಿಕ್ಕ 8 ಲೀಟರ್ ಡಿಸ್ಟಿಲ್ಡ್ ವಾಟರ್ ಹಾಕಿ. ಬೋರ್‌ವೆಲ್ ನೀರು ಬೇಡ, ಅರಸೀಕೆರೆ ಕಡೆಯ ಗಡಸು ನೀರಂತೂ ಖಂಡಿತ ಬೇಡ. ವೆಟ್ ಲೈನರ್ ಇಂಜಿನ್ (ಸಿಲಿಂಡರಿನ ಒಳಕೊಳವೆ, ಅಂದರೆ ಲೈನರಿನ ಹೊರಮೈಗೆ ನೀರು ನೇರ ತಾಗುವಂಥದ್ದು) ಆದರೆ ಕಂಪನಿ ಹೇಳಿದ ಜಾತಿಯ ಕೂಲಂಟೇ ಆಗಬೇಕು, ಲೈನರ್ ಹೊರಮೈಗೆ ತೂತು ಬೀಳದ ಹಾಗೆ ಕಾಯೋದು ಅದರಲ್ಲಿರುವ ರಾಸಾಯನಿಕ. ಆಮೇಲೆ ಒಳಗೆ ಸಿಕ್ಕಿಕೊಂಡ ಗಾಳಿ (ಏರ್) ತೆಗೆಯೋದು ಮರೆಯಬೇಡಿ.

ಗ್ಯಾರೇಜಿಗೆ ಕೆಲಸ ಕೊಡುವವರು ಬಿಲ್ಲಿನಲ್ಲಿ "ಫ್ಲಷಿಂಗ್" ಅಂತ ಒಂದು ಸಾಲು ನೋಡಿ ದುಡ್ಡು ಕೊಡಬೇಡಿ. ಕೂಲರ್ ಟೆಸ್ಟ್ ಎದುರಿಗೇ ಮಾಡಿಸಿ, ಹಳೇ ಕೂಲರ್ ಕೇಳಿ ಪಡೆಯಿರಿ, ಎಷ್ಟು ಸುತ್ತು ಬಿಸಿ ಮಾಡಿದರು, ಯಾವ ಪುಡಿ ಅಂತ ಕೇಳಿ. ಸರಿಯಾಗಿ ಮಾಡಿದರೆ ಇದು ಪೂರ್ತಿ ಒಂದು ದಿನದ ಕೆಲಸ. "ಊಟ ಮುಗಿಸಿ ಬನ್ನಿ ಸಾರ್, ರೆಡಿ ಇರುತ್ತೆ" ಅಂದರೆ ಪೈಪಲ್ಲಿ ನೀರು ಬಿಟ್ಟಿದ್ದಾರೆ ಅಷ್ಟೇ. ತಾಮ್ರದ ರೇಡಿಯೇಟರ್ ಆಗಿದ್ದು ಕೋರ್ ಕಟ್ಟಿಕೊಂಡಿದ್ದರೆ ರೇಡಿಯೇಟರ್ ಅಂಗಡಿಯಲ್ಲಿ ಟ್ಯಾಂಕ್ ಬಿಚ್ಚಿಸಿ ರಾಡಿಂಗ್ (ಕೊಳವೆಗಳಿಗೆ ಕಡ್ಡಿ ಹಾಕಿ ಕಟ್ಟಿದ್ದನ್ನು ತೆಗೆಯೋದು) ಮಾಡಿಸಬಹುದು. ಅಲ್ಯೂಮಿನಿಯಂ ಕೋರಿಗೆ ಆ ದಾರಿ ಇಲ್ಲ, ಕಟ್ಟಿದ್ದರೆ ಹೊಸದೇ ಗತಿ.

ಇಳಿಸಿದ್ದನ್ನು ಎಲ್ಲಿ ಸುರಿಯುತ್ತಾರೆ ಅನ್ನೋದರಿಂದಲೂ ಗ್ಯಾರೇಜಿನ ಯೋಗ್ಯತೆ ಗೊತ್ತಾಗುತ್ತೆ. ಚರಂಡಿಗೆ ಬಿಟ್ಟರೆ ಅದು ಕಡೆಗೆ ಯಗಚಿಗೋ ಹೇಮಾವತಿಗೋ ಸೇರುತ್ತೆ. ಕೂಲಂಟಿನ ಗ್ಲೈಕಾಲ್ ಸಿಹಿ, ಬೀದಿ ನಾಯಿ, ದನ ನೆಕ್ಕಿದರೆ ಸಾಯುತ್ತವೆ. ಪುಡಿ ಹಾಕೋ ಮೊದಲು ತೆಗೆದ ನೀರನ್ನು ಡ್ರಮ್ಮಿನಲ್ಲಿ ರಾತ್ರಿ ಬಿಟ್ಟರೆ ಆಯಿಲ್ ಮೇಲೆ ನಿಲ್ಲುತ್ತೆ, ಬಾಚಿ ವೇಸ್ಟ್ ಆಯಿಲ್ ಡ್ರಮ್ಮಿಗೆ ಹಾಕಬಹುದು. 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಪ್ರಕಾರ ಅದು ಅಧಿಕೃತ ಮರುಬಳಕೆದಾರರಿಗೇ ಹೋಗಬೇಕು. ಪುಡಿ ಬೆರೆತ ನೀರಲ್ಲಿ ಆಯಿಲ್ ಸುಲಭಕ್ಕೆ ಬೇರೆಯಾಗಲ್ಲ, ಅದನ್ನು ಬೇರೆ ಡ್ರಮ್ಮಿನಲ್ಲೇ ಇಡಿ. ವೇಸ್ಟ್ ಆಯಿಲ್‌ಗೆ ಬೆರೆಸಿದರೆ ಒಯ್ಯುವವರು ಎರಡನ್ನೂ ಮುಟ್ಟಲ್ಲ.

ಗಾಡಿ ಹೊರಟ ಮೇಲೆ 500 ಕಿಲೋಮೀಟರಿಗೆ ಒಮ್ಮೆ ತಣ್ಣಗಿರುವಾಗ ಟ್ಯಾಂಕ್ ತೆರೆದು ನೋಡಿ. ತೆಳು ಪೊರೆ ಕಂಡರೆ ಗಾಬರಿ ಬೇಡ, ಮೂಲೆಯಲ್ಲಿ ಉಳಿದದ್ದು ಬಂದಿರುತ್ತೆ. ಟಿಶ್ಯೂ ಕಾಗದ ತೇಲಿಸಿ ಎತ್ತಿದರೆ ಹೋಗುತ್ತೆ. ಅದೇ ಪೊರೆ ಮುಂದಿನ ಸಲ ದಪ್ಪ ಆಗಿದ್ದರೆ, ಡಿಪ್‌ಸ್ಟಿಕ್ಕಿನಲ್ಲಿ ಆಯಿಲ್ ಕಮ್ಮಿಯಾಗಿದ್ದರೆ, ಫ್ಲಷ್ ಮಾಡಿದವರನ್ನು ಬೈಯೋ ಮೊದಲು ಹೊಸ ಕೂಲರಿನ ಗ್ಯಾಸ್ಕೆಟ್ ಸರಿಯಾಗಿ ಕೂತಿದೆಯಾ, ಕವರ್ ಬೋಲ್ಟುಗಳ ಟಾರ್ಕ್ ಸರಿಯಿದೆಯಾ ನೋಡಿಸಿ.